ನಿಲ್ಲುವದು, ತಡೆಯುವದು, ಹಿಂಜರಿಯುವದು

ಸ್ಮರಣ ಸಂಚಿಕೆಯೆಂದರೆ ಹಳೆಯ ದಿನಗಳ ನೆನಪು, ಗುರುಹಿರಿಯರ ಗುಣಕಥನ, ಬಹುಮಾನ ಪಡೆದವರ ಪಟ್ಟಿ ಇವುಗಳಿಂದ ತುಂಬಿರತಕ್ಕದ್ದು. ಅದರ ನಡುವೆ ಇಂಗ್ಲೀಷು ಶಬ್ದಗಳ ಪಾಠವನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರು, "ಅಕ್ಕೋರು ಇನ್ನೂ ಕರೀಹಲಗೆಯನ್ನು ಬಿಟ್ಟಿಲ್ಲ" ಎಂದು ನಕ್ಕಾರು. ನಗಲಿ. ಈ ಲೇಖನಕ್ಕೆ ಒಂದು ಕಾರಣವುಂಟು. ಅದು ನಾನೇ ಮಾಡಿದ ಒಂದು ತಪ್ಪು.

ಬಹಳ ವರುಷಗಳ ಹಿಂದೆ, ನಾನು ವರ್ಗಶಿಕ್ಷಕಿಯಾಗಿದ್ದಾಗ, ಸಿದ್ದಾಪುರ ಸೀಮೆಯ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳು ನನ್ನ ವರ್ಗದಲ್ಲಿದ್ದಳು. ಪ್ರಶ್ನೆ ಕೇಳಿದೊಡನೆ ಉತ್ತರ ಹೇಳುವ ರೂಢಿ ಅವಳಿಗಿರಲಿಲ್ಲ. ಎದ್ದು ನಿಂತು, ಒಂದು ಉಸಿರಿನಷ್ಟು ಹೊತ್ತು ನೆಲವನ್ನು ನೋಡಿ, ಆಮೇಲೆ ಹೇಳುವಳು. ಹೇಳಿದ್ದು ಬಹುತೇಕ ಸರಿಯಾಗಿಯೇ ಇರುವದು. ವರುಷದ ಕೊನೆಗೆ ಪ್ರಗತಿಪತ್ರಗಳಲ್ಲಿ ಷರಾ ಬರೆಯುವಾಗ ನಾನು ಅವಸರದಲ್ಲಿ, ಈಕೆ ಉತ್ತರ ಕೊಡಲು 'ಹೆಸಿಟೇಟ್' ಮಾಡುತ್ತಾಳೆ ಎಂಬರ್ಥದ ಒಂದು ಸಾಲನ್ನು ಇಂಗ್ಲೀಷಿನಲ್ಲಿ ಬರೆದುಬಿಟ್ಟೆನು. ಎಂಟು ದಿನಗಳ ಮೇಲೆ ಅವಳ ತಂದೆಯವರು ಶಾಲೆಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ. ಪತ್ರವನ್ನು ಮುಂದೆ ಹಿಡಿದು, "ಅಕ್ಕೋರೇ, ಈ ಶಬ್ದವನ್ನು ನಿಘಂಟಿನಲ್ಲಿ ತೆಗೆದು ನೋಡಿದೆ. ಹಿಂಜರಿಯುವದು, ಮನಸ್ಸು ಬಾರದಿರುವದು ಎಂದು ಕೊಟ್ಟಿದ್ದಾರೆ. ಮನಸ್ಸಿಲ್ಲದ ಹುಡುಗಿಯನ್ನು ಇಷ್ಟು ದೂರದಲ್ಲಿಟ್ಟು ಓದಿಸುವದೇತಕ್ಕೆ? ಬರುವ ವರುಷ ಮನೆಯಲ್ಲಿಯೇ ಇರಲಿ ಎಂದು ನಮ್ಮಲ್ಲಿ ಮಾತಾಗಿದೆ" ಎಂದರು.

ತಪ್ಪು ಅವರದಲ್ಲ, ನಿಘಂಟಿನದೂ ಅಲ್ಲ. 'ಪಾಜ್' ಎಂಬ ಶಬ್ದ ಕೈಯಲ್ಲಿರುತ್ತ ನಾನು 'ಹೆಸಿಟೇಟ್' ಎಂಬದನ್ನು ಎತ್ತಿ ಬರೆದಿದ್ದೆನು. ಒಂದು ಹುಡುಗಿಯ ಓದು ಆ ಎರಡು ಶಬ್ದಗಳ ನಡುವಿನ ಅಂತರದಲ್ಲಿ ಸಿಕ್ಕಿಕೊಂಡಿತ್ತು. ಆ ಅಂತರವೇನೆಂಬದನ್ನು ಅಂದಿನಿಂದ ಪ್ರತಿವರುಷವೂ ವರ್ಗದಲ್ಲಿ ಹೇಳುತ್ತ ಬಂದೆನು. ಇಲ್ಲಿ ಪಾಲಕರಿಗೂ ಹೇಳುವೆನು.

ಮೊದಲು ನಮ್ಮ ಮಾತಿನಿಂದಲೇ ಹೊರಡೋಣ. ಕನ್ನಡದ 'ನಿಲ್ಲು' ಎಂಬದು ಬಹು ಉದಾರವಾದ ಧಾತು. ಹುಡುಗಿ ಬಾಗಿಲಲ್ಲಿ ನಿಂತಳು, ಮಳೆ ನಿಂತಿತು, ಗಡಿಯಾರ ನಿಂತಿತು, ಗದ್ದೆಯಲ್ಲಿ ನೀರು ನಿಂತಿತು, ಗೊತ್ತಾದ ಮದುವೆ ನಿಂತಿತು, ಊರ ಗೌಡರು ಚುನಾವಣೆಗೆ ನಿಂತರು. ಇಷ್ಟಕ್ಕೂ ನಮಗೆ ಒಂದೇ ಶಬ್ದ ಸಾಕು. ಇಂಗ್ಲೀಷಿನವರು ಕಾಲೂರಿ ನಿಲ್ಲುವದಕ್ಕೆ 'ಸ್ಟ್ಯಾಂಡ್' ಎಂದೂ, ನಡೆಯುತ್ತಿದ್ದದ್ದು ನಿಂತುಹೋಗುವದಕ್ಕೆ 'ಸ್ಟಾಪ್' ಎಂದೂ ಬೇರೆ ಮಾಡಿಕೊಂಡಿದ್ದಾರೆ. ಇದನ್ನರಿಯದೆ 'ದಿ ರೇನ್ ಸ್ಟುಡ್' ಎಂದು ಬರೆದ ಹುಡುಗಿಯರು ನನಗೆ ಪ್ರತಿವರುಷವೂ ಸಿಕ್ಕಿದ್ದಾರೆ. ಮಳೆಗೆ ಕಾಲಿದ್ದರೆ ಸಿರಸಿಯಲ್ಲಿ ಅದು ಆಷಾಢವೆಲ್ಲ ನಿಂತೇ ಇರುವದೆಂದು ನಾನು ಅವರಿಗೆ ಹೇಳುತ್ತಿದ್ದೆನು.

ಇಂಗ್ಲೀಷಿನಿಂದ ಕನ್ನಡಕ್ಕೆ ಅರ್ಥ ಹೇಳುವ ಚಿಕ್ಕ ನಿಘಂಟುಗಳು ಈ ವಿಷಯದಲ್ಲಿ ಅಷ್ಟೊಂದು ಉಪಯೋಗಕ್ಕೆ ಬಾರವು. ಅವು ಹಲವು ಇಂಗ್ಲೀಷು ಶಬ್ದಗಳಿಗೆ ಒಂದೇ ಕನ್ನಡ ಶಬ್ದವನ್ನು ಕೊಟ್ಟು ಮುಂದೆ ಸಾಗುವವು. ಅದಕ್ಕಿಂತ, ಕಿಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಪ್ರಕಟಿಸಿದ ಕನ್ನಡ-ಇಂಗ್ಲೀಷು ಮಹಾನಿಘಂಟನ್ನು ತೆರೆದು, ನಮ್ಮ ಮನೆಯ ಶಬ್ದದಿಂದ ಹೊರಟು ಇಂಗ್ಲೀಷಿನ ಕಡೆಗೆ ನಡೆಯುವದು ಲೇಸು. ನಮ್ಮ ಒಂದು ಮಾತಿಗೆ ಅವರಲ್ಲಿ ಎಷ್ಟು ದಾರಿಗಳು ಒಡೆಯುತ್ತವೆಂಬದು ಆಗ ಕಾಣುವದು.

ಇದರಿಂದ ಕನ್ನಡವು ಬಡಭಾಷೆಯೆಂದು ಯಾರೂ ಎಣಿಸತಕ್ಕದ್ದಲ್ಲ. ತಂಗುವದು, ತಡೆಯುವದು, ತಡವರಿಸುವದು, ಅಳುಕುವದು, ಹಿಂದೆಮುಂದೆ ನೋಡುವದು, ಮೀನಮೇಷ ಎಣಿಸುವದು ಇವೆಲ್ಲ ನಮ್ಮಲ್ಲಿಯೂ ಬೇರೆ ಬೇರೆ ಕೆಲಸಗಳೇ. ಮಲೆನಾಡಿನಲ್ಲಿ ಮಳೆ ಪೂರಾ ನಿಲ್ಲದೆ ತುಸು ಬಿಟ್ಟಾಗ 'ಹೊಳವಾಯಿತು' ಎನ್ನುವೆವು; ಹೊಳವಾದಾಗಲೇ ಹೆಂಗಸರು ಸೊಪ್ಪು ತರಲು, ಮಕ್ಕಳು ಶಾಲೆಗೆ ಹೋಗಲು ಹೊರಡುವರು. ಇಂಗ್ಲೀಷಿನಲ್ಲಿ ಇದಕ್ಕೆ 'ಲೆಟ್ ಅಪ್' ಎನ್ನುವರು. ಬಿರುಗಾಳಿ ನಡುವೆ ಶಾಂತವಾದರೆ 'ಲಲ್' ಎನ್ನುವರು. ಮಗುವನ್ನು ಮಲಗಿಸುವ ಜೋಗುಳದ ಹೆಸರಿನಲ್ಲಿಯೂ ಇರುವದು ಇದೇ 'ಲಲ್'. ಮಳೆಗಾಲದ ನಡುವೆ ಕೆಲವು ದಿನ ಮಳೆ ಬಿಡುವದಕ್ಕೆ ಹವಾಮಾನ ಶಾಸ್ತ್ರದವರು 'ಬ್ರೇಕ್' ಎಂಬ ಶಬ್ದವನ್ನೇ ಪಾರಿಭಾಷಿಕವಾಗಿ ಬಳಸುವರು. ಆದುದರಿಂದ ಕೊರತೆಯಿರುವದು ಭಾಷೆಯಲ್ಲಲ್ಲ. ಒಂದು ಭಾಷೆಯ ಗೆರೆಗಳು ಇನ್ನೊಂದರ ಗೆರೆಗಳ ಮೇಲೆ ಸರಿಯಾಗಿ ಕೂಡುವದಿಲ್ಲ, ಅಷ್ಟೆ.

ಈಗ 'ಸ್ಟಾಪ್' ಮತ್ತು 'ಪಾಜ್'. ಇಂದಿನ ಮಕ್ಕಳಿಗೆ ಇವುಗಳ ಭೇದವನ್ನು ತಿಳಿಸಲು ಹಾಡು ಕೇಳುವ ಯಂತ್ರವೇ ಸಾಕು. ಚೌಕವಾದ ಗುರುತನ್ನು ಒತ್ತಿದರೆ ಹಾಡು ಮುಗಿಯಿತು. ಮತ್ತೆ ಮೊದಲಿನಿಂದ ಆರಂಭಿಸಬೇಕು. ಎರಡು ನೆಟ್ಟಗೆರೆಗಳ ಗುರುತನ್ನು ಒತ್ತಿದರೆ ಹಾಡು ತಡೆದು ನಿಲ್ಲುವದು. ಮತ್ತೆ ಒತ್ತಿದೊಡನೆ ಬಿಟ್ಟಲ್ಲಿಂದಲೇ ಸಾಗುವದು. ಪಾಜ್ ಎಂಬ ಶಬ್ದದ ಹೊಟ್ಟೆಯಲ್ಲಿ 'ಮತ್ತೆ ಮುಂದುವರಿಯುವದು' ಎಂಬ ಅರ್ಥ ಸದಾ ಅಡಗಿರುತ್ತದೆ. ಮೂಲ ಗ್ರೀಕಿನಲ್ಲಿ ಈ ಧಾತುವಿಗೆ ನಿಲ್ಲಿಸುವದು ಎಂಬಷ್ಟೇ ಅರ್ಥವಿದ್ದರೂ ಇಂಗ್ಲೀಷಿನಲ್ಲಿ ಅದು ಅಲ್ಪಕಾಲದ ತಡೆಗೇ ಸಲ್ಲುವದು. (ನಮ್ಮ ಹಿರಿಯರ ಕಣ್ಣಿಗೆ ಆ ಎರಡು ನೆಟ್ಟಗೆರೆಗಳು ಪದ್ಯದ ಕೊನೆಯಲ್ಲಿ ಹಾಕುವ ಜೋಡಿ ದಂಡದಂತೆ ಕಂಡು, ಹಾಡು ಮುಗಿಯಿತೆಂದೇ ತೋರೀತು. ಇದನ್ನು ನನಗೆ ತೋರಿಸಿಕೊಟ್ಟವಳು ಎಂಟನೆಯ ವರ್ಗದ ಒಬ್ಬ ಹುಡುಗಿ.) ಉಚ್ಚಾರದ ವಿಷಯವಾಗಿ ಒಂದು ಮಾತು: ಈ ಶಬ್ದವನ್ನು 'ಪೌಸ್' ಎನ್ನಬಾರದು, ಕೊನೆಯ ಧ್ವನಿ ಸಕಾರವಲ್ಲ, ಜಕಾರಕ್ಕೆ ಹತ್ತಿರವಾದದ್ದು. 'ಹೆಸಿಟೇಟ್' ಎಂಬಲ್ಲಿಯ ನಡುವಿನ ಸಕಾರವೂ ಹಾಗೆಯೇ.

'ಹಾಲ್ಟ್' ಎಂಬದು ನಮ್ಮ ಮೂರೂ ತಾಲೂಕುಗಳ ಜನರಿಗೆ ಬಸ್ಸಿನಿಂದ ಪರಿಚಯವಾದ ಶಬ್ದ. ಸಂಜೆ ಹಳ್ಳಿಗೆ ಬಂದು ರಾತ್ರಿ ಅಲ್ಲಿಯೇ ತಂಗಿ ಬೆಳಿಗ್ಗೆ ಹೊರಡುವ ಗಾಡಿಯನ್ನು ನಾವು ವಸ್ತಿ ಬಸ್ಸು ಎನ್ನುವೆವು. ಕಂಡಕ್ಟರರು ನೈಟ್ ಹಾಲ್ಟ್ ಎನ್ನುವರು. ಇಲ್ಲಿ ಅರ್ಥ ಸ್ಪಷ್ಟವಾಗಿದೆ: ಪ್ರಯಾಣದಲ್ಲಿರುವ ಗಾಡಿ, ದಂಡು, ಮೆರವಣಿಗೆ ಇವು ಮೊದಲೇ ಗೊತ್ತಾದ ಸ್ಥಳದಲ್ಲಿ ಇಲ್ಲವೆ ಅಪ್ಪಣೆಯ ಮೇರೆಗೆ ನಿಲ್ಲುವದು ಹಾಲ್ಟ್. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಲಾರಿ ಯಲ್ಲಾಪುರದಲ್ಲಿ ಊಟಕ್ಕೆಂದು ನಿಂತರೆ ಹಾಲ್ಟ್ ಮಾಡಿತು. ಅರಬೈಲ್ ಘಟ್ಟದ ತಿರುವಿನಲ್ಲಿ ಯಂತ್ರ ಕೆಟ್ಟು ನಿಂತರೆ ಸ್ಟಾಪ್ ಆಯಿತು. ಅದರಲ್ಲಿದ್ದವರು ಇಳಿದು, ಕಣಿವೆಯ ಮೇಲೆ ಹಬ್ಬಿದ ಮಂಜನ್ನು ಕ್ಷಣಕಾಲ ನೋಡಿ ಮತ್ತೆ ಹತ್ತಿದರೆ ಪಾಜ್ ಮಾಡಿದರು.

ಆದರೆ ಇದೇ ಹಾಲ್ಟ್ ಎಂಬದಕ್ಕೆ ಇನ್ನೊಂದು ಜನ್ಮವುಂಟು. ಸೈನಿಕರ ಹಾಲ್ಟ್ ಬಂದದ್ದು ಹಿಡಿ, ತಡೆ ಎಂಬರ್ಥದ ಜರ್ಮನ್ ಶಬ್ದದಿಂದ. ಇಂಗ್ಲೀಷಿನಲ್ಲಿ ಬಹು ಹಿಂದಿನಿಂದ ಇದ್ದ ಬೇರೊಂದು ಹಾಲ್ಟ್‌ಗೆ 'ಕುಂಟ', 'ಕುಂಟುವದು' ಎಂಬರ್ಥ. 1611ರ ಇಂಗ್ಲೀಷು ಬೈಬಲಿನಲ್ಲಿ ಈ ಹಳೆಯ ಹಾಲ್ಟ್ ಕಾಣಸಿಗುವದು. ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಔತಣಕ್ಕೆ ಕರೆತರಬೇಕಾದ ಬಡವರ, ಕುರುಡರ ಜೊತೆಗೆ ಹೇಳಿದ 'ಹಾಲ್ಟ್' ಜನರು ನಿಂತವರಲ್ಲ, ಕುಂಟರು. ಅರಸುಗಳ ಮೊದಲನೆಯ ಪುಸ್ತಕದ 18ನೆಯ ಅಧ್ಯಾಯದಲ್ಲಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಜನರನ್ನು, ಎರಡು ಅಭಿಪ್ರಾಯಗಳ ನಡುವೆ ಎಷ್ಟು ಕಾಲ ಹೀಗಿರುವಿರಿ ಎಂದು ಕೇಳುವಲ್ಲಿಯೂ ಇದೇ ಶಬ್ದವಿದೆ. ನಮ್ಮ ಹುಡುಗಿಯರು ಅದನ್ನು 'ನಿಂತಿರುವಿರಿ' ಎಂದು ತಿಳಿಯುವರು. ಮೂಲ ಇಬ್ರಿಯ ಕ್ರಿಯಾಪದಕ್ಕೂ ಕುಂಟುವದೆಂದೇ ಅರ್ಥ. ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಓಲಾಡುವ ಮನಸ್ಸಿನ ಚಿತ್ರ ಅದು. ಕೆಲವು ವಚನಗಳ ಮುಂದೆ ಬಾಳನ ಪ್ರವಾದಿಗಳು ವೇದಿಯ ಸುತ್ತಲೂ ಕುಂಟುತ್ತ ಕುಣಿದರೆಂಬಲ್ಲಿ ಅದೇ ಇಬ್ರಿಯ ಧಾತು ಬಂದು, ಮೊದಲಿನ ಪ್ರಶ್ನೆಯ ಮೊನಚು ಹೆಚ್ಚಾಗುವದು. 1978ರಲ್ಲಿ ಪೂರ್ಣವಾದ ನ್ಯೂ ಇಂಟರ್‌ನ್ಯಾಶನಲ್ ಭಾಷಾಂತರದಲ್ಲಿ ಆ ಸ್ಥಳದಲ್ಲಿ 'ವೇವರ್' ಎಂದು ಹಾಕಿದ್ದಾರೆ. ಗಾಳಿಗೆ ದೀಪದ ಕುಡಿ ಅತ್ತಿತ್ತ ಹೊಯ್ದಾಡುವದು ವೇವರ್. ಎರಡು ನಿರ್ಣಯಗಳ ನಡುವೆ ಮನಸ್ಸು ಹೊಯ್ದಾಡುವದೂ ವೇವರ್.

ಇನ್ನೊಂದು ಸ್ಥಳವನ್ನು ನೋಡಿರಿ. ಆದಿಕಾಂಡದ 19ನೆಯ ಅಧ್ಯಾಯದಲ್ಲಿ ದೇವದೂತರು ಲೋಟನಿಗೆ ಸೊದೋಮ್ ಪಟ್ಟಣವನ್ನು ಬಿಟ್ಟು ಹೊರಡೆಂದು ಅವಸರಪಡಿಸುವರು, ಅವನು ತಡಮಾಡುವನು, ಕಡೆಗೆ ಅವರು ಅವನ ಕೈಹಿಡಿದು ಹೊರಗೆ ತರುವರು. ಹಳೆಯ ಭಾಷಾಂತರವು ಅವನು 'ಲಿಂಗರ್' ಮಾಡಿದನೆಂದು ಹೇಳಿದರೆ, ಹೊಸದು 'ಹೆಸಿಟೇಟ್' ಮಾಡಿದನೆಂದು ಹೇಳುತ್ತದೆ. ಎರಡೂ ಒಂದೇ ಅಲ್ಲ. ಲಿಂಗರ್ ಎಂದರೆ ಬಿಟ್ಟು ಹೋಗಲು ಮನಸ್ಸಾಗದೆ ಇದ್ದಲ್ಲಿಯೇ ಉಳಿಯುವದು. ತವರಿನಿಂದ ಹೊರಟ ಮಗಳು ಅಂಗಳದಲ್ಲಿ, ತುಳಸೀಕಟ್ಟೆಯ ಹತ್ತಿರ, ದಣಪೆಯ ಬಳಿಯಲ್ಲಿ ಮತ್ತೆ ಮತ್ತೆ ನಿಲ್ಲುವದು ಲಿಂಗರ್. ಅವಳ ಮನಸ್ಸು ಹಿಂದಿನದಕ್ಕೆ ಕಟ್ಟುಬಿದ್ದಿದೆ. ಹೆಸಿಟೇಟ್ ಮಾಡುವವನ ಕಣ್ಣು ಮುಂದಿನದರ ಮೇಲಿದೆ. ಹೆಜ್ಜೆಯಿಡಬೇಕೋ ಬೇಡವೋ ಎಂಬ ಸಂಶಯ ಅವನದು. ಲೋಟನು ಮನೆಮಾರುಗಳ ಮೋಹದಿಂದ ತಡೆದನೋ, ಮುಂದೇನೆಂಬ ಭಯದಿಂದ ತಡೆದನೋ? ಭಾಷಾಂತರಕಾರನು ಒಂದು ಶಬ್ದವನ್ನು ಆರಿಸಿದೊಡನೆ ಲೋಟನ ಮನಸ್ಸನ್ನೇ ನಿರ್ಣಯಿಸಿದಂತಾಯಿತು. ನನಗೆ ಹಳೆಯ ಶಬ್ದವೇ ಹೆಚ್ಚು ಒಪ್ಪಿಗೆಯಾಗುವದು.

ಹೆಸಿಟೇಟ್ ಎಂಬದು ಲ್ಯಾಟಿನ್ ಭಾಷೆಯ, ಅಂಟಿಕೊಳ್ಳು, ಹುಗಿದು ಸಿಕ್ಕಿಕೊಳ್ಳು ಎಂಬರ್ಥದ ಧಾತುವಿನಿಂದ ಬಂದದ್ದು. ಅಂಟಿಗೆ ಇಂಗ್ಲೀಷಿನಲ್ಲಿ ಹೇಳುವ 'ಅಡ್‌ಹೀಸಿವ್' ಎಂಬ ಶಬ್ದಕ್ಕೂ ಇದೇ ತಾಯಿ. ಶ್ರಾವಣದ ಕೆಸರಿನಲ್ಲಿ ಕಾಲು ಸಿಕ್ಕಿದವನಂತೆ, ಮುಂದಕ್ಕೆ ಹೋಗಬೇಕೆಂದಿದ್ದರೂ ಏಳಲಾರದೆ ಇರುವ ಮನಸ್ಸು ಇಲ್ಲಿದೆ. ಪಾಜ್ ಎಂಬದರಲ್ಲಿ ಕಾಲು ಸ್ವತಂತ್ರವಾಗಿರುವದು. ನಿಂತವನು ತಾನಾಗಿ ನಿಂತಿರುವನು.

ಈ ಭೇದವನ್ನು ನಾನು ಅಡಿಕೆಯ ತೋಟದಿಂದ ಕಲಿಸುತ್ತಿದ್ದೆನು; ತೋಟದ ಮನೆಯ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕೊನೆಕೊಯ್ಲಿನ ದಿನ ಕೊನೆಗೌಡನು ಒಂದು ಮರದ ಕೊನೆಯನ್ನು ಕೊಯ್ದ ಮೇಲೆ ಕೆಳಗಿಳಿಯದೆ, ಆ ಮರವನ್ನೇ ತೂಗಿ, ಪಕ್ಕದ ಮರವನ್ನು ಹಿಡಿದು ದಾಟುವದನ್ನು ಎಲ್ಲರೂ ಕಂಡಿದ್ದೀರಿ. ಮರವು ಒಂದು ಸಲ ತೂಗಿದೊಡನೆ ಅವನು ಹಾರುವದಿಲ್ಲ. ಅದು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವವರೆಗೆ ಮೈಯನ್ನು ಬಿಗಿಹಿಡಿದು ಇರುವನು. ಅದು ಪಾಜ್. ಆ ತಡೆಯೇ ಅವನ ವಿದ್ಯೆ. ಅದಿಲ್ಲದಿದ್ದರೆ ಪ್ರಾಣಕ್ಕೆ ಅಪಾಯ. ಹೊಸದಾಗಿ ಕಲಿಯುವ ಹುಡುಗನಾದರೋ, ಮರವು ಹತ್ತಿರ ಬಂದಾಗಲೂ ಕೈ ಚಾಚಲಾರದೆ, ಮತ್ತೊಮ್ಮೆ ಬರಲಿ ಎಂದು ಕಾಯುವನು. ಅದು ಹೆಸಿಟೇಟ್. ಹಳಬನೇ ಆದರೂ ಸಂಜೆಯ ಹೊತ್ತಿಗೆ ದಣಿದು, ತೊಡೆ ನಡುಗಿ, ಹಿಡಿತ ಸಡಿಲಿದರೆ ಅದು 'ಫಾಲ್ಟರ್'. ಕೆಳಗೆ ನಿಂತವರಿಗೆ ಮೂರು ಸಲವೂ ಕಾಣುವದು ಒಂದೇ: ಮರದ ಮೇಲೊಬ್ಬ ಮನುಷ್ಯ ಅರೆಕ್ಷಣ ತಡೆದನು. ಇಂಗ್ಲೀಷಿನವನು ಆ ಅರೆಕ್ಷಣದಲ್ಲಿ ಮೇಲಿನವನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವನು: ಲೆಕ್ಕವೋ, ಅಳುಕೋ, ಅಶಕ್ತಿಯೋ. ನಾನು ಷರಾ ಬರೆಯುವಾಗ ಕೆಳಗೆ ನಿಂತವಳಂತೆ ನೋಡಿದ್ದೆನು.

ತಾಳಮದ್ದಳೆಯ ರಸಿಕರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಒಳ್ಳೆಯ ಅರ್ಥಧಾರಿಯು ಎದುರಾಳಿಯ ಮಾತಿಗೆ ಉತ್ತರ ಕೊಡುವ ಮುಂಚೆ ಸುಮ್ಮನಾದರೆ ಸಭೆಯೆಲ್ಲ ಕಿವಿ ನಿಮಿರಿಸುವದು. ಮಾತು ತಪ್ಪಿದವನು ಸುಮ್ಮನಾದರೆ ಜನರು ಎಲೆಯಡಿಕೆಯ ಹರಿವಾಣಕ್ಕೆ ಕೈಹಾಕುವರು. ಗೀತೆಯ ಮೊದಲ ಅಧ್ಯಾಯದಲ್ಲಂತೂ ಈ ಶಬ್ದಗಳೆಲ್ಲ ಸಾಲಾಗಿ ನಿಂತಿವೆ: ಎರಡು ಸೇನೆಗಳ ನಡುವೆ ರಥ ನಿಂತದ್ದು ಹಾಲ್ಟ್, ಅರ್ಜುನನು ಬಂಧುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದ್ದು ಪಾಜ್, ಹೊಡೆಯಲೋ ಬೇಡವೋ ಎಂದದ್ದು ಹೆಸಿಟೇಟ್, ಗಾಂಡೀವ ಕೈಯಿಂದ ಜಾರಿದ್ದು ಫಾಲ್ಟರ್.

ಶಾಲೆಯಲ್ಲಿ ಪಾಜ್ ಎಂಬ ಶಬ್ದವು ಹೆಚ್ಚಾಗಿ ಕೇಳಿಬರುವದು ಓದುವ ಪಾಠದಲ್ಲಿ. ನಮ್ಮ ಹಳೆಯ ಓಲೆಗರಿಗಳಲ್ಲಿ ಶಬ್ದಶಬ್ದಗಳ ನಡುವೆ ಸ್ಥಳ ಬಿಡುವ ರೂಢಿಯಿರಲಿಲ್ಲ. ದಂಡದ ಗೆರೆಯ ಹೊರತು ಬೇರೆ ಚಿಹ್ನೆಗಳೂ ಇಲ್ಲವೆಂದೇ ಹೇಳಬೇಕು. ಎಲ್ಲಿ ನಿಲ್ಲಬೇಕೆಂಬದನ್ನು ಗಮಕಿಯು ಅರ್ಥ ನೋಡಿ ತಾನೇ ಗೊತ್ತುಮಾಡುವನು. ಸಂಸ್ಕೃತ ಛಂದಸ್ಸು ಪದ್ಯದೊಳಗೆ ನಿಲ್ಲುವ ಸ್ಥಾನಕ್ಕೆ ಯತಿಯೆಂದು ಹೆಸರಿಟ್ಟು ನಿಯಮ ಮಾಡಿದರೂ, ನಮ್ಮ ಕವಿಗಳು ಆ ನಿಯಮವನ್ನು ದಾಟಿಯೇ ನಡೆದರು. ಪ್ರಾಸವನ್ನು ಬಿಡಲಿಲ್ಲ, ಯತಿಯನ್ನು ಲೆಕ್ಕಿಸಲಿಲ್ಲ. ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳು ಅಚ್ಚಿನ ಮೊಳೆಗಳ ಜೊತೆಗೆ ಇಂಗ್ಲೀಷಿನಿಂದ ನಮ್ಮಲ್ಲಿಗೆ ಬಂದವು.

ಇಂಗ್ಲೀಷಿನವರು ಈ ಚಿಹ್ನೆಗಳನ್ನೇ ಹಿಂದೆ 'ಸ್ಟಾಪ್ಸ್' ಎನ್ನುತ್ತಿದ್ದರು. 'ಫುಲ್ ಸ್ಟಾಪ್' ಎಂಬ ಹೆಸರು ಅದರ ಉಳಿಕೆ. ಲಿಂಡ್ಲೆ ಮರೆಯು 1795ರ ತನ್ನ ವ್ಯಾಕರಣದಲ್ಲಿ ಅಲ್ಪವಿರಾಮದ ಎರಡರಷ್ಟು ಹೊತ್ತು ಅರ್ಧವಿರಾಮದಲ್ಲಿ, ಅದರ ಎರಡರಷ್ಟು ಕೋಲನ್ನಿನಲ್ಲಿ, ಅದರ ಎರಡರಷ್ಟು ಪೂರ್ಣವಿರಾಮದಲ್ಲಿ ತಡೆಯಬೇಕೆಂದು ವಿಧಿಸಿದನು. ಅಂದರೆ ಒಂದು, ಎರಡು, ನಾಲ್ಕು, ಎಂಟು. ಹೀಗೆ ಮನಸ್ಸಿನಲ್ಲಿ ಎಣಿಸುತ್ತ ಓದಿದರೆ ಕವಾಯತು ಆದೀತು, ಓದು ಆಗದು. ಅರ್ಥವನ್ನು ಹಿಡಿದು ಓದುವವಳು ಚಿಹ್ನೆಯಿಲ್ಲದಲ್ಲಿಯೂ ತಡೆಯುವಳು, ಚಿಹ್ನೆಯಿದ್ದಲ್ಲಿಯೂ ಒಮ್ಮೊಮ್ಮೆ ಹರಿಯಬಿಡುವಳು. ಕೀರ್ತನೆಗಳ ಗ್ರಂಥದಲ್ಲಿ 71 ಸಲ, ಹಬಕ್ಕೂಕನ ಗ್ರಂಥದಲ್ಲಿ 3 ಸಲ ಬರುವ 'ಸೆಲಾ' ಎಂಬ ಶಬ್ದವು ಪಂಡಿತರಲ್ಲಿ ವಾದಗ್ರಸ್ತವಾಗಿಯೇ ಇದೆ; ಹಾಡನ್ನು ತಡೆದು ವಾದ್ಯ ನುಡಿಸುವ ಇಲ್ಲವೆ ಧ್ಯಾನಿಸುವ ಸ್ಥಾನವೆಂದು ಅನೇಕರ ಮತ. ತಂತಿಯ ಕಾಲದಲ್ಲಿ ವಾಕ್ಯದ ಕೊನೆಗೆ ಚುಕ್ಕೆಯ ಬದಲು 'ಸ್ಟಾಪ್' ಎಂಬ ಶಬ್ದವನ್ನೇ ಬರೆಯುತ್ತಿದ್ದರು. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ತಂತಿಯ ಸೇವೆಗೇ ಪೂರ್ಣವಿರಾಮ ಬಿದ್ದಿತು. ನಡುಮನೆಯ ಪೆಟ್ಟಿಗೆಯಲ್ಲಿ ಹಳೆಯ ತಂತಿಯ ಕಾಗದವಿದ್ದವರು ಮಕ್ಕಳಿಗೆ ತೋರಿಸಬಹುದು.

ಪ್ರಯೋಗದಲ್ಲಿ ಹುಡುಗಿಯರು ಎಡವುವ ಸ್ಥಳ ಮುಖ್ಯವಾಗಿ ಒಂದೇ. 'ಶಿ ಸ್ಟಾಪ್ಡ್ ರೀಡಿಂಗ್' ಎಂದರೆ ಓದುವದನ್ನು ಬಿಟ್ಟಳು. 'ಶಿ ಸ್ಟಾಪ್ಡ್ ಟು ರೀಡ್' ಎಂದರೆ ಓದುವದಕ್ಕಾಗಿ ನಿಂತಳು. ದಾರಿಯಲ್ಲಿ ಗೋಡೆಯ ಮೇಲಿನ ಜಾಹೀರಾತನ್ನು ಕಂಡು ನಿಂತವಳ ಮಾತು ಅದು. ಒಂದು ಚಿಕ್ಕ 'ಟು' ಓದನ್ನು ನಿಲ್ಲಿಸೀತು ಅಥವಾ ಆರಂಭಿಸೀತು. 'ಪಾಜ್ಡ್ ಟು ಥಿಂಕ್' ಎಂದರೆ ಯೋಚಿಸಲು ತಡೆದಳು. ಯೋಚನೆ ನಡೆದೇ ನಡೆಯಿತು. 'ಹೆಸಿಟೇಟೆಡ್ ಟು ಆಸ್ಕ್' ಎಂದರೆ ಕೇಳಲು ಹಿಂಜರಿದಳು. ಅವಳು ಕಡೆಗೂ ಕೇಳದೆ ಹೋಗಿರಬಹುದು. ಎರಡರ ಹೊರರೂಪ ಒಂದೇ. ಒಂದರಲ್ಲಿ ಮುಂದಿನ ಕ್ರಿಯೆ ಸಿದ್ಧ, ಇನ್ನೊಂದರಲ್ಲಿ ಸಂದಿಗ್ಧ. ಪತ್ರಗಳ ಕೊನೆಯಲ್ಲಿ ಹಿಂಜರಿಯದೆ ಬರೆಯಿರಿ ಎಂಬರ್ಥದಲ್ಲಿ 'ಡೋಂಟ್ ಹೆಸಿಟೇಟ್' ಎಂದು ಬರೆಯುವದುಂಟು. ಅದು ದಾಕ್ಷಿಣ್ಯ ಬೇಡವೆನ್ನುವ ಸೌಜನ್ಯ. ಅಲ್ಲಿ 'ಡೋಂಟ್ ಪಾಜ್' ಎಂದರೆ ಉಸಿರಾಡದೆ ಬರೆ ಎಂದಂತಾದೀತು.

ಪಾಲಕರು ಪ್ರಗತಿಪತ್ರವನ್ನು ಓದುವಾಗ ಹೀಗೆ ತಿಳಿಯಬೇಕು. 'ಹೆಸಿಟೆಂಟ್' ಎಂದಿದ್ದರೆ ಮಗುವಿಗೆ ಮನಸ್ಸಿಲ್ಲವೆಂದಲ್ಲ, ಧೈರ್ಯ ಸಾಲದೆಂದು. ಮನಸ್ಸೇ ಇಲ್ಲದವಳಿಗೆ 'ರಿಲಕ್ಟೆಂಟ್' ಎಂಬ ಬೇರೆ ಶಬ್ದವುಂಟು. 'ಹಾಲ್ಟಿಂಗ್' ಎಂದಿದ್ದರೆ ಓದು ಕುಂಟುತ್ತದೆ, ಮನೆಯಲ್ಲಿ ದಿನಾಲು ಗಟ್ಟಿಯಾಗಿ ಓದಿಸಬೇಕು. ಇದು ವಸ್ತಿ ಬಸ್ಸಿನ ಹಾಲ್ಟ್ ಅಲ್ಲ, ಲೂಕನ ಹಾಲ್ಟ್. 'ಫಾಲ್ಟರ್ಸ್' ಎಂದಿದ್ದರೆ ಆರಂಭ ಚೆನ್ನಾಗಿದ್ದು ನಡುವೆ ಕೈಬಿಡುತ್ತಾಳೆ. ಷರಾ ಬರೆಯುವ ಶಿಕ್ಷಕಿಯರಾದರೂ ಶಬ್ದವನ್ನು ಆರಿಸುವ ಮುಂಚೆ ತುಸು ತಡೆಯಬೇಕು. ಹಳ್ಳಿಯ ಮನೆಯಲ್ಲಿ ಆ ಒಂದು ಸಾಲನ್ನು ದೀಪದ ಬೆಳಕಿನಲ್ಲಿ ಎಷ್ಟು ಸಲ ಓದುವರೆಂಬದು ನಮಗೆ ತಿಳಿಯದು.

ಅಂದು ನಾನು ಆ ತಂದೆಯವರ ಕ್ಷಮೆ ಕೇಳಿ, ಸಾಲನ್ನು ಹೊಡೆದುಹಾಕಿ, ಈಕೆ ಯೋಚಿಸಲು ತಡೆಯುತ್ತಾಳೆ, ಅನಂತರ ಸರಿಯಾಗಿ ಹೇಳುತ್ತಾಳೆ ಎಂಬರ್ಥದಲ್ಲಿ ಹೊಸದಾಗಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆದು ಸಹಿ ಮಾಡಿದೆನು. ಅವರು ಎರಡನ್ನೂ ಓದಿ, ಏನೂ ಹೇಳದೆ, ಪತ್ರವನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಹೊರಟರು. ಅವರ ಆ ಮೌನ ಯಾವ ಜಾತಿಯದೆಂದು ಎರಡು ತಿಂಗಳು ನನಗೆ ಗೊತ್ತಾಗಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ದಿನ ಹೊರಗೆ ಮಳೆ ಹೊಯ್ಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬಂದಾಗ ಕರೆದೆನು. ಹಿಂದಿನ ಸಾಲಿನಲ್ಲಿ ಅವಳು ಎದ್ದು ನಿಂತು, ಎಂದಿನಂತೆ ಒಮ್ಮೆ ನೆಲವನ್ನು ನೋಡಿ, "ಪ್ರೆಸೆಂಟ್, ಅಕ್ಕೋರೇ" ಎಂದಳು.